ಕಬ್ಬಿನ ಟ್ರೇಲರಿಗೆ ಹಿಂದಿನ ಲೈಟು ಯಾಕಿಲ್ಲ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಾನು ಪ್ರತಿ ವರ್ಷ ಒಂದೇ ಸುದ್ದಿಯನ್ನು ಊರ ಹೆಸರು ಬದಲಿಸಿ ಕಳಿಸುತ್ತೇನೆ: ‘ನಿಂತಿದ್ದ ಟ್ರೇಲರಿಗೆ ಬೈಕ್ ಡಿಕ್ಕಿ’. ಮುಧೋಳ, ಜಮಖಂಡಿ ಕಡೆ ರಾತ್ರಿ ಓಡಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್, ಹಿಂದೆ ಕತ್ತಲು. ಹೋದ ಹಂಗಾಮಿನಲ್ಲಿ ನನಗೂ ಹಾಗೇ ಆಯಿತು. ಹೊರಗೆ ಚಾಚಿದ್ದ ಕಬ್ಬಿನ ತುದಿ ಕಂಡು ಬ್ರೇಕ್ ಹಿಡಿದಾಗ ಉಳಿದಿದ್ದು ಎರಡು ಮಾರು ಅಂತರ.

ಚಾಲಕನನ್ನು ಕೇಳಿದೆ. “ಲೈಟ್ ಹಾಕ್ಸಿದ್ರ ಎಂಟ್ ದಿನಾ ಇರೂದಿಲ್ರೀ ಸರ” ಅಂದ.

ಅವನ ಮಾತು ಅರ್ಧ ನಿಜ. ಉಳಿದರ್ಧ ತಿಳಿಯಲು ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತೆ. ಬಲ್ಬು ಸುಟ್ಟಿರುವುದಕ್ಕಿಂತ ಅರ್ಥಿಂಗ್ ಕೆಟ್ಟಿರುವುದೇ ಹೆಚ್ಚು ಎಂದರು. ಬಹಳ ಟ್ರೇಲರುಗಳಿಗೆ ಅರ್ಥಿಂಗ್‌ಗೆ ಬೇರೆ ವೈರೇ ಇರುವುದಿಲ್ಲ. ಕರೆಂಟು ವಾಪಸ್ ಹೋಗಬೇಕಾದದ್ದು ಕೊಂಡಿಯ ಪಿನ್ನಿನ ಮೂಲಕ. ಆ ಪಿನ್ನಿಗೋ ತುಕ್ಕು, ಗ್ರೀಸು, ಮಣ್ಣು. ಗುಂಡಿಗೆ ಇಳಿದಾಗ ಲೈಟು ಹತ್ತುತ್ತದೆ, ಏರಿದಾಗ ಆರುತ್ತದೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣಮಿಣ ಅನ್ನುತ್ತಿದ್ದರೆ ಇದೇ ರೋಗ: ಸರಿಯಾದ ದಾರಿ ಸಿಗದ ಕರೆಂಟು ಇನ್ನೊಂದು ಬಲ್ಬಿನೊಳಗಿಂದ ನುಸುಳುತ್ತಿರುತ್ತದೆ.

ಪರೀಕ್ಷೆ ಸುಲಭ. ಬ್ಯಾಟರಿಯ ಮೈನಸ್‌ನಿಂದ ಒಂದು ಉದ್ದ ವೈರ್ ಎಳೆದು ಲೈಟಿನ ಅರ್ಥಿಂಗ್ ಜಾಗಕ್ಕೆ ಮುಟ್ಟಿಸಿ. ತಟ್ಟನೆ ಬೆಳಗಿದರೆ ಬಲ್ಬು ಬದಲಿಸಬೇಡಿ, ಅರ್ಥಿಂಗ್ ವೈರನ್ನೇ ಬೇರೆ ಹಾಕಿಸಿ. ಯಾವ ಲೈಟೂ ಹತ್ತದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಟ್ರ್ಯಾಕ್ಟರಿನ ಸಾಕೆಟ್ಟಿಗೆ 12 ವೋಲ್ಟಿನ ಬಲ್ಬು ಹಿಡಿಯಿರಿ. ಅಲ್ಲಿ ಕರೆಂಟಿದ್ದರೆ ತೊಂದರೆ ಹಿಂದಿದೆ. ಸಾಕೆಟ್ಟಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರಬಹುದು, ಉಜ್ಜಿ ತೆಗೆಯಿರಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ವೈರಿನ ಸಿಪ್ಪೆ ಎಲ್ಲೋ ಚಾಸಿಗೆ ಉಜ್ಜಿ ಸುಲಿದಿದೆ. ವೈರಿನ ಬಣ್ಣ ನಂಬಬೇಡಿ. ನಮ್ಮಲ್ಲಿ ಯಾವ ಬಣ್ಣ ಕೈಗೆ ಸಿಕ್ಕಿತೋ ಅದೇ ಬ್ರೇಕಿನ ವೈರು!

ಇಷ್ಟು ಸಣ್ಣ ಕೆಲಸ ಯಾಕೆ ಆಗುವುದಿಲ್ಲ? ಚಾಲಕನಿಗೆ ಬಿಡುವಿಲ್ಲ, ಟ್ರಿಪ್ ಲೆಕ್ಕದಲ್ಲಿ ಅವನ ಸಂಬಳ. ಮಾಲೀಕನಿಗೆ ಹಂಗಾಮು ಮುಗಿದರೆ ಸಾಕು. ಅಧಿಕಾರಿಗಳು ಒಂದು ದಿನ ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸುತ್ತಾರೆ, ನಾನೂ ಫೋಟೊ ತೆಗೆದು ಕಳಿಸಿದ್ದೇನೆ. ಆ ಸ್ಟಿಕ್ಕರಿನ ಮೇಲೆ ವಾರದಲ್ಲಿ ಕೆಸರು ಕೂರುತ್ತದೆ, ಕಬ್ಬು ಜೋತು ಬೀಳುತ್ತದೆ. ಮೇಲಾಗಿ ಎದುರಿನವರ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ.

ನನ್ನ ಪ್ರಕಾರ ಇದಕ್ಕೆ ಸರಿಯಾದ ಜಾಗ ಕಾರ್ಖಾನೆಯ ಯಾರ್ಡ್. ಕಬ್ಬು ತೂಗಿಸಲು ಟ್ರ್ಯಾಕ್ಟರುಗಳು ಅಲ್ಲಿ ತಾಸುಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ನಿಲ್ಲುತ್ತವೆ. ಅಲ್ಲೇ ಒಬ್ಬ ಎಲೆಕ್ಟ್ರಿಷಿಯನ್, ಒಂದಿಷ್ಟು ವೈರು, ಬಲ್ಬು ಇಟ್ಟರೆ ಕಾರ್ಖಾನೆಗೆ ಅದೇನು ಭಾರವಲ್ಲ. ಲೈಟು ಹತ್ತದ ಗಾಡಿ ಖಾಲಿಯಾಗಿ ಹೊರಡುವ ಮುಂಚೆಯೇ ರಿಪೇರಿ ಆಗಲಿ. ದಂಡ ಹಾಕುವ ಮಾತು ಆಮೇಲೆ.

ಒಂದು ಎಚ್ಚರಿಕೆ ಮಾತ್ರ ಬೇಕು. ನೋಡುವವರು ಬ್ರೇಕ್ ತುಳಿಸಿ, ಕೊನೆಯ ಟ್ರೇಲರಿನ ಹಿಂದೆ ಹೋಗಿ ನಿಂತೇ ನೋಡಬೇಕು. ಮುಂದಿನ ಟ್ರೇಲರಿನಲ್ಲಿ ಹತ್ತಿತೆಂದು ಅಲ್ಲಿಂದಲೇ ತಿರುಗಿ ಬರುವ ರೂಢಿ ನಮ್ಮಲ್ಲಿದೆ.