ಗಿಡ್ಡ ಇದ್ದೀನಿ ಅಂತ ಆ ಕೂಸಿಗೆ ಗೊತ್ತದರೀ

ಇವತ್ತ ಖಾರ ಸ್ವಲ್ಪ ಹೆಚ್ಚಾದ್ರ ಸಿಟ್ಟಾಗಬ್ಯಾಡ್ರಿ. ಅಕ್ಕಂದಿರು, ವೈನಿಗೋಳು, ಅಬಚಿಗೋಳು, ಓಣಿಯವರು ಎಲ್ಲಾರೂ ಓದ್ತೀರಿ ಅಂತ ಗೊತ್ತಿದ್ದೇ ಬರೀಲಿಕ್ಕತ್ತೀನಿ.

ಲಗ್ನ ಇರಲಿ, ಮುಂಜಿವಿ ಇರಲಿ, ನಮ್ಮ ಹೆಣ್ಣಮಕ್ಕಳಿಗೆ ಒಂದು ಚಟ ಅದ. ಒಂದೇ ವಾರಿಗಿ ಎರಡು ಹುಡುಗರು ಕಣ್ಣಿಗೆ ಬಿದ್ರ ಸಾಕು, ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಸೋದು. "ಅಯ್ಯ, ಎಂಟು ವರ್ಷದಾಕಿನ ಇಕಿ? ಐದರಾಕಿ ಕಂಡಂಗ ಕಾಣಸ್ತಾಳಲ್ಲ! ಊಟಕ್ಕ ಹಾಕ್ತೀರೋ ಇಲ್ಲೋ?" ಎಲ್ಲಾರೂ ನಗತಾರ. ಆ ಕೂಸಿನ ಅವ್ವನೂ ಹಲ್ಲು ಕಚ್ಚಿಕೊಂಡು ನಗತಾಳ. ಮೊನ್ನೆ ಬಳಗದ ಮುಂಜಿವ್ಯಾಗ ನನ್ನ ತಂಗಿ ಮೊಮ್ಮಗಳಿಗೆ ಇದೇ ಪೂಜಿ ಆತು. ಆಮ್ಯಾಲೆ ಫೋಟೊ ತಗಿಯೋ ಮುಂದ ನೋಡತೀನಿ, ಆ ಹುಡುಗಿ ಪರಕಾರದ ಕೆಳಗ ತುದಿಗಾಲ ಮ್ಯಾಲ ನಿಂತದ. ಎಂಟು ವರ್ಷದ ಕೂಸು! ಇದನ್ನ ಆಕಿಗೆ ಕಲಿಸಿದವರು ಯಾರು?

ನನಗ ಈ ವಿಷಯದಾಗ ಮಾತಾಡೋ ಹಕ್ಕು ಅದ. ಒಂದನೇತ್ತಾದಿಂದ ಮ್ಯಾಟ್ರಿಕ್ ತನಕಾ ಪ್ರಾರ್ಥನಾ ಸಾಲಿನಾಗ ಮೊದಲನೇದಾಕಿ ನಾನೇ. ಚೋಟಿ, ಗಿಡ್ಡಿ, ಗೇಣುದ್ದದಾಕಿ, ಎಲ್ಲಾ ಹೆಸರೂ ಇಡಿಸಿಕೊಂಡೀನಿ. ಪಿಯುಸಿಗೆ ಹೋಗೋವಾಗ ಬಸ್ಸಿನಾಗ ಕಂಡಕ್ಟರ್ ಕೇಳದೇ ಅರ್ಧ ಟಿಕೀಟ ಹರದಿದ್ದ. ಕನ್ಯಾ ನೋಡಲಿಕ್ಕೆ ಬಂದವರೊಳಗ ಒಬ್ಬಾಕಿ ನನ್ನ ಗೋಡಿಗೆ ಹಚ್ಚಿ ನಿಲ್ಲಿಸಿ ನೋಡಿದ್ಲು, ಕಪಾಟು ಖರೀದಿ ಮಾಡಲಿಕ್ಕೆ ಬಂದವರಂಗ. ಖರೇ ಹೇಳಬೇಕಂದ್ರ ಗಿಡ್ಡ ಇರೋದರಿಂದ ನನಗ ಆದ ತ್ರಾಸು ಭಾಳ ಕಡಿಮಿ. ನಾಗೊಂದಿಗಿ ಮ್ಯಾಲಿನ ಡಬ್ಬಿ ಕೈಗೆ ಸಿಗಂಗಿಲ್ಲ, ಸ್ಟೂಲ್ ಹಾಕ್ಕೋತೀನಿ, ಮುಗೀತು. ಆದ್ರ ಬಾಯಿಗೆ ಸ್ಟೂಲ್ ಹಾಕಲಿಕ್ಕೆ ಬರತದೇನ್ರಿ?

ಇನ್ನೊಂದು ನಮೂನಿ ಮಂದಿ ಇರತಾರ, ಸಮಾಧಾನ ಹೇಳೋರು. "ಇರಲಿ ಬಿಡವಾ, ಮೂರ್ತಿ ಸಣ್ಣದಾದ್ರೂ ಕೀರ್ತಿ ದೊಡ್ಡದಾಗಲಿ." ಮ್ಯಾಲ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಹೇಳತಾರ, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಹೆಸರು ಹೇಳತಾರ. ವಿಶ್ವನಾಥ್ 1969ರಾಗ ಕಾನಪುರದಾಗ ಮೊದಲನೇ ಟೆಸ್ಟ್ ಆಡಿದ್ರು. ಮೊದಲನೇ ಇನ್ನಿಂಗ್ಸಿನಾಗ ಸೊನ್ನಿ, ಎರಡನೇದರಾಗ 137. ಭಾಳ ಛಲೋ. ಆದ್ರ ನಾ ಕೇಳೋದಿಷ್ಟ: 137 ಹೊಡೀದಿದ್ರ ಅವರು ಗಿಡ್ಡ ಇದ್ದದ್ದು ತಪ್ಪಾಗತಿತ್ತೇನು? ಉದ್ದ ಇದ್ದ ಹುಡುಗರಿಗೆ ಯಾರೂ ಕೀರ್ತಿ ಕೇಳಂಗಿಲ್ಲ. ಸಣ್ಣ ಕೂಸಿಗೆ ಮಾತ್ರ ಯಾಕ ಈ ದಂಡ? ಸಾಲ್ಯಾಗ ನಾ ಖೋಖೋ ಛಲೋ ಆಡತಿದ್ದೆ, ಕಂಬ ಹಿಡದು ಗಕ್ಕನ ತಿರಗತಿದ್ದೆ, ಯಾರ ಕೈಗೂ ಸಿಗತಿದ್ದಿಲ್ಲ. ಆಡಿದ್ದು ಖುಷಿಗೆ. ಗಿಡ್ಡ ಇದ್ದದ್ದಕ್ಕ ಪ್ರಾಯಶ್ಚಿತ್ತ ಅಂತ ಆಡಿದ್ದಲ್ಲ.

"ನಾವೇನು ಕೆಟ್ಟ ಮನಸಿಲೆ ಕೇಳತೀವೇನು, ಕಳಕಳಿ ರೀ" ಅಂತೀರಿ. ಕಳಕಳಿ ಇದ್ರ ಬೆನ್ನಿಗೆ ಬೆನ್ನು ಹಚ್ಚಬ್ಯಾಡ್ರಿ, ಟೇಪ್ ಹಚ್ರಿ. ಪಕ್ಕದ ಮನಿ ಹುಡುಗನ ಕೂಡ ಅಳೀಬ್ಯಾಡ್ರಿ, ಅದೇ ಕೂಸಿನ ಹ್ವಾದ ವರ್ಷದ ಗೆರಿ ಕೂಡ ಅಳೀರಿ. ನಾಕು ವರ್ಷ ದಾಟಿದ ಮ್ಯಾಲ, ದೊಡ್ಡವರಾಗೋ ವಯಸ್ಸು ಬರೋ ತನಕಾ, ಮಕ್ಕಳು ವರ್ಷಕ್ಕ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೀತಾವ. ಅಷ್ಟು ಬೆಳೀಲಿಕ್ಕತ್ತದ, ಆಡತದ, ಉಣತದ ಅಂದ್ರ ಆ ಕೂಸು ಸಣ್ಣದು ಅಷ್ಟ, ರೋಗದ್ದಲ್ಲ. ಅಪ್ಪ ಅವ್ವನ ಎತ್ತರನೂ ನೋಡ್ರಿ. ಹೆಣ್ಣಕೂಸಿದ್ರ ಅಪ್ಪನ ಎತ್ತರದಾಗ 13 ಸೆಂಟಿಮೀಟರ್ ಕಳದು, ಅವ್ವನ ಎತ್ತರ ಕೂಡಿಸಿ, ಅರ್ಧ ಮಾಡ್ರಿ. ಅಪ್ಪ 165, ಅವ್ವ 150 ಇದ್ರ ಮಗಳು 151ರ ಹಿಂದ ಮುಂದ. ಗಂಡಹುಡುಗ ಇದ್ರ 13 ಕಳಿಯೋ ಬದ್ಲಿ ಕೂಡಸೋದು. ಜ್ವಾಳ ಬಿತ್ತಿ ಕಬ್ಬು ಯಾಕ ಬರಲಿಲ್ಲ ಅಂದ್ರ ಹೆಂಗ?

ಆದ್ರ ವರ್ಷಕ್ಕ 5 ಸೆಂಟಿಮೀಟರಿಗಿಂತ ಕಡಿಮಿ ಬೆಳದ್ರ ಸುಮ್ಮನಿರಬ್ಯಾಡ್ರಿ, ಮಕ್ಕಳ ಡಾಕ್ಟರಿಗೆ ತೋರಸ್ರಿ. ಥೈರಾಯ್ಡ್ ಇರಬಹುದು, ಬೆಳವಣಿಗಿ ಹಾರ್ಮೋನ್ ಕಡಿಮಿ ಇರಬಹುದು, ಗೋಧಿ ಕರುಳಿಗೆ ಒಗ್ಗದೇ ಇರಬಹುದು. ಇವಕ್ಕ ಔಷಧ, ಪಥ್ಯ ಅವ. ಆದ್ರ ಎಲುವಿನ ತುದಿ ಕೂಡಿಕೊಂಡ ಮ್ಯಾಲ ಎತ್ತರ ಬೆಳೀಲಿಕ್ಕೆ ಯಾವ ಔಷಧನೂ ನಡಿಯಂಗಿಲ್ಲ. ಹೆಣ್ಣಹುಡುಗ್ಯಾರು ದೊಡ್ಡವರಾದ ಮ್ಯಾಲ ಸಾಮಾನ್ಯ 5ರಿಂದ 7 ಸೆಂಟಿಮೀಟರ್ ಅಷ್ಟ ಬೆಳೀತಾರ. ಹಂಗಾಗಿ ತೋರಸೋದಿದ್ರ ಮದ್ಲೇ ತೋರಸಬೇಕು. ಮಂದಿ ಮುಂದ ಕೂಸಿನ ಮಾನ ಕಳದವರೊಳಗ ಎಷ್ಟ ಮಂದಿ "ಹ್ವಾದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟದ" ಅಂತ ಕೇಳೀರಿ? ಹೇಳ್ರಿ ನೋಡೋಣ.

ಇನ್ನ ಆ ಡಬ್ಬಿ ಪುಡಿ ಸುದ್ದಿ. ಟಿವಿಯೊಳಗ ಹಾಲಿನಾಗ ಪುಡಿ ಕದಡಿ ಕುಡದ ಹುಡುಗ ಗೋಡಿ ಮ್ಯಾಲಿನ ಗೆರಿ ದಾಟತಾನ. ಒಮ್ಮೆ ಡಬ್ಬಿ ತಿರುಗಿಸಿ ಓದ್ರಿ, ಸಕ್ಕರಿ ಎಷ್ಟದ ಅಂತ. ಹೊಟ್ಟಿತುಂಬ ರೊಟ್ಟಿ, ಬ್ಯಾಳಿ, ಕಾಳಪಲ್ಯ, ಮೊಸರು, ಶೇಂಗಾ, ನಡೀತಿದ್ರ ತತ್ತಿ, ರಾತ್ರಿ ಸರಿಯಾಗಿ ನಿದ್ದಿ, ಇಷ್ಟು ಕೊಡ್ರಿ. ಕಬ್ಬಿಣದ ಸಳಿಗೆ ಜೋತುಬಿಟ್ರ ಕೈ ಗಟ್ಟಿ ಆಗತಾವ, ಎಲುವು ಉದ್ದಾಗಂಗಿಲ್ಲ.

ಮನಿ ಕಟ್ಟೋವಾಗ ಗೌಂಡಿ ಅಡಗಿಮನಿ ಕಟ್ಟಿ ನನ್ನ ಎದಿಮಟ ಏರಿಸಲಿಕ್ಕೆ ಹೊಂಟಿದ್ದ. "ಎಲ್ಲಾರ ಮನ್ಯಾಗೂ ಹಿಂಗೇ ಇರತದರೀ" ಅಂದ. "ಎಲ್ಲಾರೂ ಬಂದು ಇಲ್ಲೆ ಅಡಗಿ ಮಾಡತಾರೇನಪಾ?" ಅಂದೆ. ನಾಕು ಇಂಚು ಇಳಿಸಿದ. ಇವತ್ತಿಗೂ ನನಗ ಹೆಗಲನೋವಿಲ್ಲ. ಸಣ್ಣವರನ್ನ ಎಳದು ಉದ್ದ ಮಾಡಲಿಕ್ಕೆ ಬರಂಗಿಲ್ಲ, ಕಟ್ಟಿ ಇಳಸಲಿಕ್ಕೆ ಬರತದ. ಸಾಲ್ಯಾಗ ಕರೀಹಲಗಿ ಕೈಗೆ ಸಿಗಂಗಿಲ್ಲಂದ್ರ ಕಾಲಕೆಳಗ ಒಂದು ಮಣಿ ಇಡಲಿಕ್ಕೆ ಬರತದ. ಇದಕ್ಕೇನು ರೊಕ್ಕ ಹತ್ತತದೇನ್ರಿ?

ಮುಂದಿನ ತಿಂಗಳು ಲಗ್ನದ ಸೀಜನ್ ಶುರು ಆಗತದ. ಸಣ್ಣ ಕೂಸು ಎದುರಿಗೆ ಬಂತಂದ್ರ ಹೆಸರು ಕೇಳ್ರಿ, ಯಾವ ಆಟ ಸೇರತದ ಕೇಳ್ರಿ, ಒಂದು ಉಂಡಿ ಹೆಚ್ಚಿಗಿ ಕೊಡ್ರಿ. ಅಳೀಬೇಕನಿಸಿದ್ರ ನಿಮ್ಮ ನಿಮ್ಮ ಮನಿ ಬಾಗಲಾ ಚೌಕಟ್ಟಿನ ಮ್ಯಾಲ, ವರ್ಷಕ್ಕೊಮ್ಮೆ, ಹುಟ್ಟಿದ ದಿನ ಪೆನ್ಸಿಲಿನಿಂದ ಗೆರಿ ಹೊಡೀರಿ. ತಾರೀಖು ಬರೀರಿ. ಬಾಯಿಲೆ ಏನೂ ಅನಬ್ಯಾಡ್ರಿ.