ಮೈಕ್ ಕೊಳ್ಳುವ ಮುನ್ನ ಕೋಣೆಯಲ್ಲೊಮ್ಮೆ ಚಪ್ಪಾಳೆ ತಟ್ಟಿ

ಪಾಡ್‌ಕಾಸ್ಟ್ ಶುರು ಮಾಡಬೇಕು, ಇಲ್ಲವೇ ಗೇಮ್ ಆಡುತ್ತ ಲೈವ್ ಸ್ಟ್ರೀಮ್ ಮಾಡಬೇಕು ಎಂದು ಹೊರಟವರ ಮೊದಲ ಪ್ರಶ್ನೆ ‘ಯಾವ ಮೈಕ್ ತಗೊಳ್ಳಲಿ?’ ಎಂಬುದೇ. ಯಾರಾದರೂ ತಟ್ಟನೆ ಒಂದು ಕಂಪನಿಯ ಹೆಸರು ಹೇಳಿದರೆ ಆ ಸಲಹೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಮೈಕ್ ಯಾವುದಿರಬೇಕೆಂದು ತೀರ್ಮಾನಿಸುವುದು ಎರಡು ಸಂಗತಿ: ನೀವು ಕೂತು ಮಾತಾಡುವ ಕೋಣೆ ಎಂಥದು, ಮತ್ತು ಬಾಯಿಗೆ ಎಷ್ಟು ಹತ್ತಿರ ಮೈಕ್ ಇಟ್ಟುಕೊಳ್ಳಬಲ್ಲಿರಿ. ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲಿಗೇ ಮುಗಿದರೆ ಒಳ್ಳೆಯದು. ಗುಂಯ್ ಎಂದು ಎಳೆದುಕೊಂಡು ಹೋದರೆ ನಿಮ್ಮ ಪ್ರತಿ ಮಾತಿಗೂ ಅದೇ ಎಳೆತ ಅಂಟಿಕೊಳ್ಳುತ್ತದೆ. ನಮ್ಮ ಈಗಿನ ಮನೆಗಳಲ್ಲಿ ಇದು ಜಾಸ್ತಿ. ಸಿಮೆಂಟ್ ಗೋಡೆ, ಆರ್‌ಸಿಸಿ ಚಾವಣಿ, ಗ್ರಾನೈಟ್ ಅಥವಾ ಟೈಲ್ಸ್ ನೆಲ, ಗಾಜಿನ ಕಿಟಕಿ: ಇವು ಸದ್ದನ್ನು ಹೀರುವುದಿಲ್ಲ, ಬಂದಷ್ಟನ್ನೂ ವಾಪಸ್ ಎಸೆಯುತ್ತವೆ. ಅದರ ಮೇಲೆ ತಲೆಯ ಮೇಲೊಂದು ಫ್ಯಾನ್, ರಸ್ತೆಯಲ್ಲಿ ಆಟೊ, ಪಕ್ಕದ ಮನೆಯ ಕುಕ್ಕರ್. ಕಾರ್ಪೆಟ್ ಹಾಸಿದ, ಫ್ಯಾನೇ ಇಲ್ಲದ ವಿದೇಶದ ಕೋಣೆಯೊಂದರಲ್ಲಿ ಕೂತು ಮಾಡಿದ ವಿಮರ್ಶೆಯ ವಿಡಿಯೊದಲ್ಲಿ ಚೆಂದ ಕೇಳಿಸಿದ ಮೈಕ್, ಬೆಂಗಳೂರಿನ ರಾಜಾಜಿನಗರದ ಮೊದಲ ಮಹಡಿಯಲ್ಲೂ ಹಾಗೇ ಕೇಳಿಸೀತು ಎನ್ನುವಂತಿಲ್ಲ.

ಮನೆಯಿಂದಲೇ ಊರಿನವರೊಡನೆ ಮಾತಾಡುವುದು ಕನ್ನಡಿಗರಿಗೆ ಹೊಸತಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದಿದ್ದರು. ಆಗ ಟ್ರಾನ್ಸ್‌ಮಿಟರ್ ಹೊಂದಿಸುವುದೇ ದೊಡ್ಡ ಸಾಹಸ. ಇಂದು ಪ್ರಸಾರದ ಕೆಲಸ ಫೋನಿನಲ್ಲೇ ಮುಗಿಯುತ್ತದೆ, ಕೋಣೆಯ ಸಮಸ್ಯೆ ಮಾತ್ರ ಉಳಿದಿದೆ. ಅದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. ಹಾಲ್ ಬಿಟ್ಟು ಮಲಗುವ ಕೋಣೆಗೆ ಹೋಗಿ. ಹಾಸಿಗೆ, ದಿಂಬು, ತುಂಬಿದ ಬಟ್ಟೆಯ ಬೀರು ಅಲ್ಲಿ ಅರ್ಧ ಕೆಲಸ ಮಾಡಿರುತ್ತವೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ, ನಿಮ್ಮ ಬೆನ್ನ ಹಿಂದಿನ ಗೋಡೆಗೆ ಒಂದು ಕೌದಿ ನೇತುಹಾಕಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಆದರೆ ಆ ತೆಳು ರಟ್ಟಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸದ್ದು ಹೀರಲು ಬೇಕಾದದ್ದು ದಪ್ಪ.

ಇನ್ನು ದೂರದ ಲೆಕ್ಕ. ಈ ಇಡೀ ವಿಷಯದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡರಷ್ಟಾದಾಗಲೆಲ್ಲ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಹಾಗೆ ಇಳಿಯುವುದಿಲ್ಲ, ಅದು ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. 5 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 40 ಸೆಂಟಿಮೀಟರಿಗೆ ಸರಿಸಿದರೆ ದೂರ ಮೂರು ಸಲ ಇಮ್ಮಡಿಯಾಯಿತು, ದನಿ 18 ಡೆಸಿಬೆಲ್ ಇಳಿಯಿತು. ಅದನ್ನು ಸರಿದೂಗಿಸಲು ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದಿರಿ ಎನ್ನಿ, ದನಿಯ ಜೊತೆ ಫ್ಯಾನೂ ಪ್ರತಿಧ್ವನಿಯೂ ಅಷ್ಟೇ ಏರುತ್ತವೆ. ಒಮ್ಮೆ ಮಾತಿನೊಳಗೆ ಬೆರೆತ ಪ್ರತಿಧ್ವನಿಯನ್ನು ಆಮೇಲೆ ಸಾಫ್ಟ್‌ವೇರಿನಿಂದ ತೆಗೆಯಲು ಹೋದರೆ ದನಿಯ ಜೀವವೂ ಸ್ವಲ್ಪ ಹೋಗುತ್ತದೆ.

ಈಗ ಮೈಕಿನ ಜಾತಿಗಳಿಗೆ ಬರಬಹುದು. ಡೈನಾಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ದನಿಗೆ ಪೊರೆ ಅಲುಗಿದಾಗ ಸುರುಳಿ ಆಯಸ್ಕಾಂತದ ನಡುವೆ ಅಲುಗಿ ಕರೆಂಟು ಹುಟ್ಟುತ್ತದೆ. ಹಳೆಯ ಸೈಕಲ್ಲಿನ ಡೈನಮೊ ದೀಪ ಉರಿಸುತ್ತಿದ್ದುದೂ ಇದೇ ತತ್ವದಿಂದ. ಕಂಡೆನ್ಸರ್ ಮೈಕಿನಲ್ಲಿ ಸುರುಳಿ ಇಲ್ಲ. ಪೊರೆಯೂ ಅದರ ಹಿಂದಿನ ಲೋಹದ ತಟ್ಟೆಯೂ ಸೇರಿ ಒಂದು ಕೆಪ್ಯಾಸಿಟರ್ ಆಗುತ್ತವೆ, ನಡುವಿನ ಅಂತರ ಬದಲಾದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ. ಇದಕ್ಕೆ ಹೊರಗಿನಿಂದ ವಿದ್ಯುತ್ ಬೇಕು. ಸ್ಟುಡಿಯೊದವರು ‘ಫ್ಯಾಂಟಮ್ ಪವರ್’ ಎಂದು ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ಅದು. ಪೊರೆ ಹಗುರವಾದ್ದರಿಂದ ಕಂಡೆನ್ಸರ್ ಸೂಕ್ಷ್ಮ ವಿವರಗಳನ್ನು ಚೆನ್ನಾಗಿ ಹಿಡಿಯುತ್ತದೆ. ಸ, ಶ, ಷಗಳ ಸೀಳು ಕೂಡ ಎದ್ದು ಕೇಳಿಸುತ್ತದೆ.

‘ಡೈನಾಮಿಕ್ ಮೈಕ್ ಸುತ್ತಲಿನ ಗಲಾಟೆ ಕೇಳಿಸಿಕೊಳ್ಳುವುದಿಲ್ಲ’ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಹಾಗೆ ಸೋಸುವ ಶಕ್ತಿ ಅದಕ್ಕಿಲ್ಲ. ಒಂದೇ ದೂರದಲ್ಲಿ, ಒಂದೇ ಬಗೆಯ ದಿಕ್ಕು ಹಿಡಿಯುವ ಎರಡೂ ಜಾತಿಯ ಮೈಕುಗಳನ್ನಿಟ್ಟು ಮಟ್ಟ ಸಮ ಮಾಡಿದರೆ ಫ್ಯಾನಿನ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವ್ಯತ್ಯಾಸ ಬರುವುದು ಬಳಕೆಯಲ್ಲಿ. ಡೈನಾಮಿಕ್ ಮೈಕ್ ಕೊಡುವ ಸಂಕೇತ ಕ್ಷೀಣ, ಆದ್ದರಿಂದ ಬಾಯಿಯ ಹತ್ತಿರ ತಂದುಕೊಳ್ಳಲೇಬೇಕು. ಹಾಗೆ ತಂದುಕೊಂಡಾಗ ದನಿ ಗೆಲ್ಲುತ್ತದೆ, ಕೋಣೆ ಸೋಲುತ್ತದೆ. ಅದೇ ಮೈಕನ್ನು ಮೇಜಿನ ಆಚೆ ತುದಿಗಿಟ್ಟರೆ ಹಣ ದಂಡ.

ಶೂರ್ ಕಂಪನಿಯ ಎಸ್‌ಎಂ7ಬಿ ಇದಕ್ಕೆ ಒಳ್ಳೆಯ ಉದಾಹರಣೆ. ಪಾಡ್‌ಕಾಸ್ಟ್ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕಾಣುವ ಆ ದಪ್ಪ ಕಪ್ಪು ಮೈಕ್. ಅದರ ಮೂಲ ರೂಪ ಎಸ್‌ಎಂ7 ಬಂದದ್ದು 1973ರಲ್ಲಿ. 1982ರ ‘ಥ್ರಿಲ್ಲರ್’ ಆಲ್ಬಮ್‌ನಲ್ಲಿ ಮೈಕೆಲ್ ಜಾಕ್ಸನ್ ದನಿಯನ್ನು ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಹಿಡಿದದ್ದು ಅದರಲ್ಲಿ. ಮೈಕ್ ನಿಜಕ್ಕೂ ಅದ್ಭುತ. ಆದರೆ ನಿಗದಿತ ಒಂದೇ ಸದ್ದಿಗೆ ಅದು ಕೊಡುವುದು ಸುಮಾರು 1.1 ಮಿಲಿವೋಲ್ಟ್, ಕಡಿಮೆ ಬೆಲೆಯ ಆಡಿಯೊ-ಟೆಕ್ನಿಕಾ ಎಟಿ2020 ಕಂಡೆನ್ಸರ್ ಕೊಡುವುದು 14 ಮಿಲಿವೋಲ್ಟ್. ಎಸ್‌ಎಂ7ಬಿ ಚೆನ್ನಾಗಿ ಕೇಳಿಸಬೇಕಾದರೆ ಸುಮಾರು 60 ಡೆಸಿಬೆಲ್ ಗೇನ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸ್ ಅಷ್ಟು ಗೇನ್ ಕೊಡಲು ಹೋಗಿ ಸುಯ್ಯೆನ್ನುವ ಸದ್ದನ್ನೂ ಸೇರಿಸಿಬಿಡುತ್ತದೆ. ಹತ್ತಾರು ಸಾವಿರ ಕೊಟ್ಟು ಮೈಕ್ ತಂದವರು ಮತ್ತೆ ಸಂಕೇತ ಹಿಗ್ಗಿಸುವ ಪ್ರಿಆಂಪ್ ಹುಡುಕುವುದು ಇದಕ್ಕೇ. ಮೊದಲ ಮೈಕ್ ಆಗಿ ಇದನ್ನು ಯಾರಿಗೂ ಸೂಚಿಸಲಾರೆ.

ಹಾಗಾದರೆ ಏನು ತಗೊಳ್ಳಬೇಕು? ಒಬ್ಬರೇ ಕೂತು ಮಾತಾಡುವವರಿಗೆ, ಸಾಮಾನ್ಯ ಮನೆಯ ಕೋಣೆಯಲ್ಲಿ, ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಸ್ಟುಡಿಯೊ ಉಪಕರಣಗಳಲ್ಲಿ ಬಳಸುವ ಕೊಂಡಿ) ಎರಡೂ ಇರುವ ಡೈನಾಮಿಕ್ ಮೈಕ್ ಸರಿಯಾದ ಆಯ್ಕೆ. ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್ ಈ ಬಗೆಯವು. ಇಂದು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೆಲಸ ಶುರು ಮಾಡಬಹುದು, ನಾಳೆ ಕಾರ್ಯಕ್ರಮ ಬೆಳೆದರೆ ಅದೇ ಮೈಕನ್ನು ಎಕ್ಸ್‌ಎಲ್‌ಆರ್ ಕೇಬಲ್ಲಿನಿಂದ ಇಂಟರ್‌ಫೇಸಿಗೆ ಜೋಡಿಸಬಹುದು. ನಿಮ್ಮ ಕೋಣೆ ನಿಜಕ್ಕೂ ನಿಶ್ಶಬ್ದವಾಗಿದ್ದರೆ, ಚಪ್ಪಾಳೆಯ ಪರೀಕ್ಷೆಯಲ್ಲಿ ಗೆದ್ದಿದ್ದರೆ, ಕಂಡೆನ್ಸರ್ ತನ್ನ ಪೂರ್ಣ ಸೊಗಸು ತೋರಿಸುತ್ತದೆ. ಕಥೆ, ಕಾವ್ಯ ಓದುವವರಿಗೆ ಅದರ ಸ್ಪಷ್ಟತೆ ಬೇರೆಯೇ.

ಇಬ್ಬರು ಎದುರುಬದುರು ಕೂತು ಮಾತಾಡುವುದಾದರೆ ಎರಡು ಯುಎಸ್‌ಬಿ ಮೈಕುಗಳನ್ನು ಒಂದೇ ಕಂಪ್ಯೂಟರಿಗೆ ಸಿಕ್ಕಿಸುವ ಯೋಚನೆ ಬಿಡಿ. ಪ್ರತಿ ಯುಎಸ್‌ಬಿ ಮೈಕಿನೊಳಗೂ ತನ್ನದೇ ಗಡಿಯಾರವಿದೆ. ಗಂಟೆಗಟ್ಟಲೆ ಮಾತಿನಲ್ಲಿ ಇಬ್ಬರ ದನಿ ನಿಧಾನಕ್ಕೆ ಒಂದಕ್ಕೊಂದು ತಾಳ ತಪ್ಪುತ್ತವೆ. ಎರಡು ಎಕ್ಸ್‌ಎಲ್‌ಆರ್ ಮೈಕ್, ಎರಡು ಇನ್‌ಪುಟ್ ಇರುವ ಒಂದು ಇಂಟರ್‌ಫೇಸ್, ಒಬ್ಬೊಬ್ಬರ ದನಿಗೆ ಪ್ರತ್ಯೇಕ ಟ್ರ್ಯಾಕ್: ಇದೇ ದಾರಿ.

ಮೈಕ್ ಇಡುವ ಕ್ರಮದಲ್ಲಿ ಅನೇಕರು ಎಡವುತ್ತಾರೆ. ಮಾತಿಗೆ ಬಳಸುವ ಬಹುತೇಕ ಮೈಕುಗಳು ‘ಕಾರ್ಡಿಯಾಯ್ಡ್’ ಬಗೆಯವು: ಮುಂದಿನ ದನಿ ಚೆನ್ನಾಗಿ, ಬದಿಯದು ಕಡಿಮೆ, ನೇರ ಹಿಂದಿನದು ತೀರಾ ಕಡಿಮೆ. ಆದ್ದರಿಂದ ಗಲಾಟೆಯ ಮೂಲ ಮೈಕಿನ ಬೆನ್ನಿಗೆ ಬರುವಂತೆ ಕೂರಬೇಕು. ಕಿಟಕಿಯತ್ತ ನೀವು ಮುಖ ಮಾಡಿ ಕೂತರೆ ಮೈಕಿನ ಬೆನ್ನು ಕಿಟಕಿಗೆ ಬರುತ್ತದೆ. ಬ್ಲೂ ಯೇಟಿಯಂಥ ನಿಂತ ಮೈಕಿಗೆ ಮಾತಾಡಬೇಕಾದದ್ದು ಅದರ ಎದೆಗೆ, ನೆತ್ತಿಗಲ್ಲ. ನಾಲ್ಕು ಬಗೆಯ ದಿಕ್ಕುಗಳ ಗುಂಡಿ ಅದರಲ್ಲಿರುವುದರಿಂದ ಕಾರ್ಡಿಯಾಯ್ಡ್ ಗುರುತಿಗೆ ತಿರುಗಿಸಿದ್ದೀರಾ ಎಂದೂ ನೋಡಿಕೊಳ್ಳಿ. ಡೈನಾಮಿಕ್ ಮೈಕಿಗೆ ನಾಲ್ಕು ಬೆರಳಿನ ಅಂತರ, ಕಂಡೆನ್ಸರಿಗೆ ಒಂದು ಗೇಣಿನೊಳಗೆ. ತೀರಾ ಹತ್ತಿರ ಹೋದರೆ ದನಿಯ ಕೆಳಸ್ವರ ಉಬ್ಬುತ್ತದೆ. ಕೆಲವರ ದನಿಗೆ ಅದು ಘನತೆ ತರುತ್ತದೆ, ಕೆಲವರದನ್ನು ಮಂಕಾಗಿಸುತ್ತದೆ. ಪ, ಫ, ಬ, ಭಗಳಲ್ಲಿ ತುಟಿಯಿಂದ ನುಗ್ಗುವ ಗಾಳಿ ಮೈಕಿಗೆ ಬಡಿದು ಧಪ್ ಎನ್ನುತ್ತದೆ. ಒಂದು ಪಾಪ್ ಫಿಲ್ಟರ್ ಹಾಕಿ, ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆಯಾಗಿ, ಬಾಯಂಚಿನ ಕಡೆಯಿಂದ ಇರಿಸಿ.

ಸ್ಟ್ರೀಮಿಂಗ್ ಮಾಡುವವರ ಮುಖ್ಯ ಶತ್ರು ಕೀಬೋರ್ಡ್. ಮೇಜಿನ ಮೇಲೆ ನಿಂತ ಮೈಕಿಗೆ ಪ್ರತಿ ಕೀಲಿಯ ಪೆಟ್ಟು ಮರದ ಮೂಲಕವೇ ತಲುಪುತ್ತದೆ. ಮೈಕ್ ಬಾಯಿಯ ಹತ್ತಿರ ಬರುವಂತೆ ತೋಳಿನ ಸ್ಟ್ಯಾಂಡ್ ಕೊಳ್ಳಿ. ದುಬಾರಿ ಮೈಕಿಗಿಂತ ಅದರ ಮೇಲಿನ ಖರ್ಚು ಹೆಚ್ಚು ಫಲ ಕೊಡುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕ್ ಮಾತ್ರ ಬೇಡ. ಅದರ ಮೈಕ್ ಚಾಲೂ ಆದೊಡನೆ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ದನಿ ಇಳಿಯುತ್ತದೆ.

ಮೈಕ್ ಮುಖದ ಮುಂದೆ ಕಾಣಬಾರದು ಎನ್ನುವವರಿಗೆ, ಅಡುಗೆ, ತೋಟ, ಊರು ಸುತ್ತುವ ವಿಡಿಯೊ ಮಾಡುವವರಿಗೆ ಕಾಲರ್ ಮೈಕ್ ಇದೆ. 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಎಂಬ ಬಗೆಯ ಕಂಡೆನ್ಸರ್ ಮೈಕಿನ ವಂಶದ್ದೇ ಅದು. ಬಾಯಿಯಿಂದ ಒಂದು ಗೇಣಿನಾಚೆ ಇರುವುದರಿಂದ, ಸಾಮಾನ್ಯವಾಗಿ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವುದರಿಂದ ಗುಂಯ್‌ಗುಡುವ ಕೋಣೆಗೆ ಅದು ಹೊಂದುವುದಿಲ್ಲ, ಬಯಲಿಗೆ ಹೊಂದುತ್ತದೆ.

ತಂದ ಮೈಕನ್ನು ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ‘ಪಾಪ, ಪುಟ್ಟಪ್ಪ ಭಾರಿ ಬುಟ್ಟಿ ಹೊತ್ತು ಶಿರಸಿಯ ಸಂತೆಗೆ ಬಂದ’ ಎಂಬಂಥ ಒಂದು ವಾಕ್ಯವನ್ನು ಫ್ಯಾನ್ ಹಾಕಿಕೊಂಡೊಮ್ಮೆ, ಆರಿಸಿ ಒಮ್ಮೆ, ನಾಲ್ಕು ಬೆರಳಿನಿಂದ, ಒಂದು ಗೇಣಿನಿಂದ, ಒಂದು ಮೊಳದಿಂದ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಮಟ್ಟದ ಪಟ್ಟಿಯಲ್ಲಿ ಜೋರು ಮಾತೂ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್ ಇರಲಿ. ಆಮೇಲೆ ಅದನ್ನು ಹೆಡ್‌ಫೋನಿನಲ್ಲೂ, ಬಹಳಷ್ಟು ಕೇಳುಗರು ಬಳಸುವ ಫೋನಿನ ಸಣ್ಣ ಸ್ಪೀಕರಿನಲ್ಲೂ ಕೇಳಿ. ಫ್ಯಾನ್ ಹಾಕಿಕೊಂಡು ನಾಲ್ಕು ಬೆರಳಿನಿಂದ ಹೇಳಿದ್ದು ಸ್ಪಷ್ಟವಾಗಿದ್ದರೆ ಮೈಕ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೊದಲು ಪರದೆ, ಕೌದಿ ಹಾಕಿ ಇನ್ನೊಮ್ಮೆ ರೆಕಾರ್ಡ್ ಮಾಡಿ, ಬೇರೆ ಮೈಕ್ ಬೇಕೋ ಬೇಡವೋ ಆಮೇಲೆ ನಿರ್ಧರಿಸಿ.