ಇರಾಕಿನ ಜನರು ಬಯಸಿದ್ದೇನು?

2003ರ ಏಪ್ರಿಲ್ 9ರಂದು ಬಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಮ್ ಹುಸೇನರ ಪ್ರತಿಮೆ ಉರುಳಿದಂದಿನಿಂದ ಒಂದು ಪ್ರಶ್ನೆ ಕೇಳಿಬರುತ್ತಲೇ ಇದೆ: ಅರಬರು ಪ್ರಜಾಪ್ರಭುತ್ವಕ್ಕೆ ಸಿದ್ಧರಿದ್ದಾರೆಯೇ? ಇರಾಕಿನಲ್ಲಿ ಬಾಂಬು ಸಿಡಿದಾಗಲೆಲ್ಲ ಅದನ್ನೇ ಉತ್ತರವೆಂಬಂತೆ ತೋರಿಸಲಾಯಿತು. ಆದರೆ ಯುದ್ಧಾನಂತರ ಅಲ್ಲಿ ನಡೆದ ಜನಾಭಿಪ್ರಾಯ ಸಮೀಕ್ಷೆಗಳು ಹೇಳುವುದು ಬೇರೆಯೇ.

ಬಿಬಿಸಿ ಮತ್ತಿತರ ಮಾಧ್ಯಮ ಸಂಸ್ಥೆಗಳಿಗಾಗಿ 2004ರ ಫೆಬ್ರವರಿಯಲ್ಲಿ ನಡೆದ ಸಮೀಕ್ಷೆಯಲ್ಲಿ, ಬದುಕು ಯುದ್ಧಪೂರ್ವಕ್ಕಿಂತ ಉತ್ತಮವಾಗಿದೆ ಎಂದವರು ಅರ್ಧಕ್ಕಿಂತ ಹೆಚ್ಚು. ಅದೇ ಜನರೊಡನೆ ಯುದ್ಧವು ದೇಶವನ್ನು ವಿಮೋಚಿಸಿತೋ ಅಪಮಾನಿಸಿತೋ ಎಂದು ಕೇಳಿದಾಗ ಎರಡೂ ಕಡೆ ಸರಿಸುಮಾರು ಶೇ. 41ರಷ್ಟು ಮಂದಿ ನಿಂತರು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಸರ್ವಾಧಿಕಾರಿ ತೊಲಗಿದ್ದು ಸಂತಸ. ತೊಲಗಿಸಿದವನು ಮನೆಯೊಳಗೇ ಬಿಡಾರ ಹೂಡಿದ್ದು ಅಪಮಾನ. ಬದುಕು ಚೆನ್ನಾಗಿದೆ ಎಂದವರು 2005ರಲ್ಲಿ ಶೇ. 71 ಇದ್ದರೆ, ಸಮಾರಾದ ಅಸ್ಕರಿ ದರ್ಗಾದ ಮೇಲಿನ ದಾಳಿಯ ಮರುವರ್ಷ, 2007ರಲ್ಲಿ, ಶೇ. 39ಕ್ಕಿಳಿದರು. ವಿದೇಶೀ ಪಡೆಗಳ ಮೇಲಿನ ದಾಳಿ ಸರಿಯೆಂದವರು 2004ರ ಶೇ. 17ರಿಂದ ಶೇ. 51ಕ್ಕೇರಿದರು. ಇಷ್ಟೆಲ್ಲ ರಕ್ತ ಹರಿದ ಮೇಲೂ, ಎಂತಹ ಆಡಳಿತ ಬೇಕೆಂಬ ಪ್ರಶ್ನೆಗೆ ಅತಿ ಹೆಚ್ಚು ಮಂದಿ, ಶೇ. 43, ಕೊಟ್ಟ ಉತ್ತರ ಪ್ರಜಾಪ್ರಭುತ್ವವೆಂದೇ. ಬಲಿಷ್ಠ ನಾಯಕನನ್ನು ಬಯಸಿದವರು ಶೇ. 34.

ಹಾಗಾದರೆ ಸಿದ್ಧರಿಲ್ಲದಿದ್ದವರು ಯಾರು? ಸಂವಿಧಾನ ರಚಿಸುವವರನ್ನು ಜನರೇ ಆರಿಸಬೇಕೆಂದು 2003ರ ಜೂನ್‌ನಲ್ಲಿ ಫತ್ವಾ ನೀಡಿದವರು ನಜಫಿನ ಆಯತುಲ್ಲಾ ಸಿಸ್ತಾನಿ. ಮರುವರ್ಷದ ಜನವರಿಯಲ್ಲಿ ನೇರ ಚುನಾವಣೆಗಾಗಿ ಹತ್ತಾರು ಸಾವಿರ ಮಂದಿ ಬೀದಿಗಿಳಿದರು. ಚುನಾವಣೆಗೆ ಇನ್ನೂ ಕಾಲ ಬಂದಿಲ್ಲ ಎಂದದ್ದು ವಾಷಿಂಗ್ಟನ್! ಅದರ ಆಡಳಿತಾಧಿಕಾರಿ ಪಾಲ್ ಬ್ರೆಮರ್ 2003ರ ಮೇ ತಿಂಗಳಲ್ಲಿ ಇರಾಕಿನ ಸೈನ್ಯವನ್ನೇ ವಿಸರ್ಜಿಸಿ ಲಕ್ಷಾಂತರ ಮಂದಿಯನ್ನು ಸಂಬಳವಿಲ್ಲದೆ, ಆದರೆ ಶಸ್ತ್ರವಿದ್ಯೆಯೊಂದಿಗೆ ಬೀದಿಗೆ ಕಳುಹಿಸಿದ್ದರು. ಜುಲೈಯಲ್ಲಿ ನೇಮಿಸಿದ 25 ಮಂದಿಯ ಆಡಳಿತ ಮಂಡಳಿಯಲ್ಲಿ ಶಿಯಾ 13, ಸುನ್ನಿ ಅರಬ್ 5, ಕುರ್ದ್ 5, ತುರ್ಕ್‌ಮನ್ 1, ಅಸ್ಸೀರಿಯನ್ 1 ಎಂದು ಲೆಕ್ಕ ಹಾಕಿ ಕುರ್ಚಿ ಹಂಚಲಾಯಿತು.

ಈ ಹಂಚಿಕೆಗೆ ಇರಾಕಿಗಳು ಕೊಟ್ಟ ಹೆಸರು 'ಮುಹಾಸಸ'. ಮೂಲ ಪದ 'ಹಿಸ್ಸ'. ನಮ್ಮ ಪಹಣಿ, ಪಾಲುಪಟ್ಟಿಗಳಲ್ಲಿರುವ ಹಿಸ್ಸೆಯೂ ಅದೇ. ದೇಶವೆಂಬುದು ತಂದೆ ಸತ್ತ ಮನೆಯ ಜಮೀನಿನಂತಾಯಿತು. ಇದರ ಹೊಣೆಯನ್ನೆಲ್ಲ ಅಮೇರಿಕದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನಮಗೆ ಸಮ್ಮತವಲ್ಲ. 2011ರ ಡಿಸೆಂಬರ್‌ನಲ್ಲಿ ಅಮೇರಿಕದ ಸೇನೆ ನಿರ್ಗಮಿಸಿದ ಮೇಲೂ ಸಚಿವಾಲಯಗಳನ್ನು ಹಿಸ್ಸೆಯಾಗಿ ಅನುಭವಿಸಿದವರು ಶಿಯಾ, ಸುನ್ನಿ, ಕುರ್ದ್ ನಾಯಕರೇ. ಪಂಗಡದ ಹೆಸರು ಹೇಳಿ ಮತ ಕೇಳಿದರು, ಪಂಗಡದ ಬಡವನಿಗೆ ವಿದ್ಯುತ್ತನ್ನೂ ಕೊಡಲಿಲ್ಲ. 2014ರ ಜೂನ್‌ನಲ್ಲಿ ಐಸಿಸ್ ಮೋಸುಲನ್ನು ವಶಪಡಿಸಿಕೊಂಡಾಗ ಸೇನೆ ಓಡಿತು.

2005ರ ಡಿಸೆಂಬರ್‌ನಲ್ಲಿ ಶೇ. 70ಕ್ಕೂ ಅಧಿಕ ಮಂದಿ ಮತ ಹಾಕಿದ್ದ ದೇಶದಲ್ಲಿ 2018ರ ಮತದಾನ ಶೇ. 45ನ್ನೂ ಮುಟ್ಟಲಿಲ್ಲ. ಜನರು ಬೇಸತ್ತದ್ದು ಪ್ರಜಾಪ್ರಭುತ್ವದಿಂದಲ್ಲ ಎಂಬುದಕ್ಕೆ 2019ರ ಅಕ್ಟೋಬರ್ ಸಾಕ್ಷಿ. ನಾಸಿರಿಯ್ಯ, ಬಸ್ರಾ, ಕರ್ಬಲಾಗಳ ಶಿಯಾ ಯುವಕರು ಶಿಯಾ ನಾಯಕತ್ವದ ಸರಕಾರದ ವಿರುದ್ಧವೇ 'ನಮಗೊಂದು ದೇಶ ಬೇಕು' ಎಂದು ಘೋಷಣೆ ಕೂಗಿದರು. ನೂರಾರು ಮಂದಿ ಗುಂಡಿಗೆ ಬಲಿಯಾದರು. ಪ್ರಧಾನಿ ಆದಿಲ್ ಅಬ್ದುಲ್ ಮಹ್ದಿ ರಾಜೀನಾಮೆ ನೀಡಿದರು. ಸಣ್ಣ ಕ್ಷೇತ್ರಗಳ, ಪಕ್ಷೇತರರಿಗೆ ಅನುಕೂಲಕರವಾದ ಚುನಾವಣಾ ಕಾನೂನು ಬಂತು. 2021ರಲ್ಲಿ ಅದರಡಿ ಒಂದು ಚುನಾವಣೆಯೂ ನಡೆಯಿತು. 2023ರ ಮಾರ್ಚ್‌ನಲ್ಲಿ ದೊಡ್ಡ ಪಕ್ಷಗಳು ಸಂಸತ್ತಿನಲ್ಲಿ ಒಂದಾಗಿ ಆ ಕಾನೂನನ್ನು ಬದಲಿಸಿ ಹಳೆಯ ಪದ್ಧತಿಯನ್ನೇ ಮರಳಿ ತಂದವು.